ಗುಡಿಸಲು ನಿಂತಲ್ಲಿ ಹೊಲ

ಗುಡಿಸಲು ಮತ್ತೆ ಮುಂದೆ ಸರಿದಿತ್ತು.

ಅಪ್ಪನಿಗೆ ರೊಟ್ಟಿ ಗಂಟು ತಂದ ವಿದ್ಯಾವತಿ ಗೋವಿನಜೋಳದ ನಡುವೆ ನಿಂತೇಬಿಟ್ಟಳು. ನಿನ್ನೆ ಬದುವಿನ ಮೇಲಿದ್ದದ್ದು ಇವತ್ತು ಬದು ದಾಟಿ, ಮಲ್ಲೇಶ ಕಾಕಾನ ಹೊಲದೊಳಗೆ, ಅವನ ಬೋರ್‌ವೆಲ್ಲಿನ ಕಡೆ ಮುಖ ಮಾಡಿ ಕೂತಿತ್ತು. ಹಿಂದೆ ಗಾಲಿಗಳ ಗೆರೆ, ಗೆರೆಯುದ್ದಕ್ಕೂ ಮುರಿದ ದಂಟು.

ಆ ಗುಡಿಸಲು ಅವಳೇ ಕಟ್ಟಿದ್ದು. ಧಾರವಾಡದಲ್ಲಿ ಕಟ್ಟಡ ವಿನ್ಯಾಸ ಓದುವಾಗ ಕೊನೆಯ ವರ್ಷಕ್ಕೆಂದು ಮಾಡಿದ ಕೆಲಸ. ಹೊಲಕ್ಕೆ ಕಾಡುಹಂದಿ ದಿನಕ್ಕೊಂದು ದಿಕ್ಕಿನಿಂದ ನುಗ್ಗುತ್ತದೆ, ಕಾಯುವವನೇಕೆ ಒಂದೇ ಕಡೆ ಕೂರಬೇಕು? ಬಿದಿರಿನ ಚೌಕಟ್ಟು, ತಾಡಪತ್ರಿಯ ಮಾಡು, ಹೆಣೆದ ಗೋಡೆ, ಕೆಳಗೆ ಸೈಕಲ್ ಗಾಲಿ, ಮುಂದೆ ಎರಡು ಉದ್ದ ಹಿಡಿಕೆ. ಒಬ್ಬ ಹೆಣ್ಣುಮಗಳು ಎಳೆದರೂ ಬರುವಷ್ಟು ಹಗುರ. ಬಿದಿರನ್ನು ಬೆಂಕಿಗೆ ಹಿಡಿದು ಬಗ್ಗಿಸಿಕೊಟ್ಟವನು ಮಲ್ಲೇಶ ಕಾಕಾನೇ. "ನಮ್ಮ ವಿದ್ಯಾನ ಮನಿ ನೋಡ್ರಿಪಾ, ಬಾಡಗಿ ಕೇಳಾಕ ಹೋದ್ರ ಓಡಿಹೋಗ್ತೈತಿ!" ಎಂದು ಸಾಂಬ್ರಾಣಿ ಊರ ತುಂಬ ಹೇಳಿಕೊಂಡು ತಿರುಗಿದ್ದ.

ಅಪ್ಪ ಮತ್ತು ಕಾಕಾ, ಅಣ್ಣತಮ್ಮಂದಿರಿಬ್ಬರ ಹೊಲಕ್ಕೆ ಇನ್ನೂ ಅಳತೆ ಆಗಿರಲಿಲ್ಲ. ಅಂಥಲ್ಲಿ ಜಗಳ ಬಿದ್ದರೆ ಊರ ಹಿರಿಯರು ನೋಡುವುದು ಕಾವಲು ಗುಡಿಸಲನ್ನು, ಅದರ ಒಲೆಯ ಬೂದಿಯನ್ನು. ಗುಡಿಸಲು ಯಾರದೋ ಸುತ್ತಲಿನ ನೆಲ ಅವರದು. ಗುಡಿಸಲಿಗೆ ಕಾಲು ಬಂದೀತೆಂದು ಈ ರೂಢಿ ಹಾಕಿದವರಿಗೆ ಹೊಳೆದಿರಲಿಲ್ಲ. ಅವಳ ಅಪ್ಪ ಮುದಕಪ್ಪನಿಗೆ ಹೊಳೆಯಿತು. ದಿನಾ ಸಂಜೆ ಇಷ್ಟಿಷ್ಟೇ ಎಳೆದ, ಹೊಸ ಜಾಗದಲ್ಲಿ ಒಲೆ ಹೂಡಿದ. ಇವತ್ತು ಮಧ್ಯಾಹ್ನ ಹಿರಿಯರು ಬರುವವರಿದ್ದರು. ವಿದ್ಯಾವತಿ ಎಲ್ಲ ನೋಡಿದ್ದಳು, ಬಾಯಿಗೆ ಬಂದದ್ದನ್ನು ನುಂಗಿದ್ದಳು. ಮೊದಲಿನಿಂದ ಅವಳು ಹಾಗೇ.

ದಂಟು ಸರಿಸಿ ಮಲ್ಲೇಶ ಬಂದ. ಕೈಯಲ್ಲಿ ಕೊಡಲಿ.

"ಅಣ್ಣಾ, ಹೊರಗ ಬಾ."

"ಯಾಕ, ಚಾ ಕುಡಸ್ತೀ ಏನು?" ಒಳಗಿನಿಂದಲೇ ಮುದಕಪ್ಪ.

"ನನ್ನ ಹೊಲದಾಗ ಕುಂತು ನನಗ ಚಾ ಕೇಳ್ತಿ?"

"ಗುಡಸಲಾ ಎಲ್ಲೈತಿ, ಅಲ್ಲಿ ನನ್ನ ಹೊಲ. ಹಿರ್ಯಾರು ಬಂದು ನೋಡ್ಲಿ."

"ಹಂಗಾದ್ರ ಉಳವಿ ಮಟಾ ಎಳಕೊಂಡು ಹೋಗು. ಚನ್ನಬಸವಣ್ಣನ ಗುಡೀನೂ ನಂದ ಅನ್ನು!"

ಉತ್ತರವಾಗಿ ಬಾಗಿಲಿನಿಂದ ಭರ್ಚಿ ಬಂತು. ಹಂದಿ ತಿವಿಯುವ ಭರ್ಚಿ. ಮಲ್ಲೇಶನ ಕಿವಿ ಹರಿದು ಕೊರಳೆಲ್ಲ ಕೆಂಪಾಯಿತು. ಅವನು ಕೊಡಲಿ ಬೀಸಿ ಮೂಲೆಯ ಗಳಕ್ಕೆ ಹೊಡೆದ, ಗುಡಿಸಲನ್ನು ಒದ್ದ. ಹಗುರದ್ದಲ್ಲವೇ, ಒಂದು ಗಾಲಿಯ ಮೇಲೆ ವಾಲಿತು. ಕೆಂಡದ ಜೊತೆಗೇ ಮುದಕಪ್ಪ ಮಣ್ಣಿಗೆ ಬೋರಲು ಬಿದ್ದ. ಮಲ್ಲೇಶ ಅಣ್ಣನ ಬೆನ್ನ ಮೇಲೆ ಕಾಲಿಟ್ಟು ಕೊಡಲಿ ಎತ್ತಿದ.

"ನಿನ್ನ ಇಲ್ಲೇ ಹೂಳ್ತೇನಿ. ಆಮ್ಯಾಲ ಹೇಳು, ಯಾರ ಹೊಲ ಅಂತ!"

ರೊಟ್ಟಿ ಗಂಟು ಎಲ್ಲಿ ಬಿತ್ತೋ. ವಿದ್ಯಾವತಿ ಹಿಡಿಕೆ ಹಿಡಿದು ವಾಲಿದ ಗುಡಿಸಲನ್ನು ಕಾಕಾನ ಮೈಮೇಲೆ ನೂಕಿದಳು. ಕಾಕಾ ತತ್ತರಿಸಿ ಹಿಂದೆ ಸರಿದ. ಕೊಡಲಿ ಅಪ್ಪನಿಗೆ ಬೀಳದೆ ಗೋಡೆಯ ಬಿದಿರಿಗೆ ಕಚ್ಚಿತು, ಅವನೇ ಬಗ್ಗಿಸಿದ್ದ ಬಿದಿರಿಗೆ. ಎಳೆದ, ಬರಲಿಲ್ಲ. ಅಷ್ಟರಲ್ಲಿ ಮುದಕಪ್ಪ ಎದ್ದಿದ್ದ, ಭರ್ಚಿ ಅವನ ಕೈಗೆ ಸಿಕ್ಕಿತ್ತು.

"ಅಪ್ಪಾ, ಬ್ಯಾಡಾ!"

ಭರ್ಚಿ ಕಾಕಾನ ಪಕ್ಕೆಗೆ ಹೋಗಿ ಹೊರಬಂತು. ಕಾಕಾ ಗಾಲಿಗೆ ಒರಗಿ ಮೆಲ್ಲಗೆ ಕೂತ, ದಣಿದವನು ಕೂತ ಹಾಗೆ. ಬೆರಳ ಸಂದಿಯಿಂದ ರಕ್ತ ಪುಟಿಯುತ್ತಿತ್ತು.

ಮುದಕಪ್ಪ ಏದುಸಿರು ಬಿಡುತ್ತ ತಮ್ಮನನ್ನು ನೋಡಲಿಲ್ಲ, ಬೋರ್‌ವೆಲ್ಲನ್ನು ನೋಡಿದ. "ಹಿಡಿ ವಿದ್ಯಾ. ಹಿರ್ಯಾರು ಬರೂದ್ರಾಗ ಬೋರಿನ ಮಟಾ ಎಳದು ನಿಂದರಸೂಣು."

ಅವಳು ಕಾಕಾನ ಕಂಕುಳಲ್ಲಿ ಕೈ ಹಾಕಿ ಗುಡಿಸಲೊಳಗೆ ಎಳೆದು ಮಲಗಿಸಿದಳು. ತನ್ನ ಓಢಣಿಯನ್ನು ಗಾಯಕ್ಕೆ ಬಿಗಿದಳು. ಹಿರಿಯರಿಗೆ ಕಾಣದಂತೆ ಮುಚ್ಚಿಡುತ್ತಿದ್ದಾಳೆ ಎಂದುಕೊಂಡನೇನೋ, ಅಪ್ಪ ತಡೆಯಲಿಲ್ಲ. ಹಿಡಿಕೆ ಹಳಿಯಾಳದ ಆಸ್ಪತ್ರೆಗೆ ಹೋಗುವ ರಸ್ತೆಯ ಕಡೆ ತಿರುಗಿದಾಗ ಮಾತ್ರ ಭರ್ಚಿ ಅಡ್ಡ ಹಿಡಿದು ಎದುರು ನಿಂತ.

"ಗುಡಸಲಾ ಹೋತಂದ್ರ ಹೊಲಾ ಹೋತು, ಹುಚ್ಚಿ!"

"ದಾರಿ ಬಿಟ್ಟು ಸರಿ ಅಪ್ಪಾ."

"ಸರೀಲಿಲ್ಲಂದ್ರ ಏನ್ಮಾಡ್ತಿ? ಎಂದಾರ ಬಾಯಿ ಬಿಟ್ಟೀಯೇನ ನೀ?"

ವಿದ್ಯಾವತಿ ಗೋಡೆಗೆ ಕಾಲು ಕೊಟ್ಟು ಕೊಡಲಿ ಕಿತ್ತಳು. ಭರ್ಚಿಯ ಕೋಲಿಗೆ ಬೀಸಿದಳು. ಕೋಲು ಮುರಿಯಿತು, ಅದನ್ನು ಹಿಡಿದಿದ್ದ ಬೆರಳೂ ಉಳಿಯಲಿಲ್ಲ. ಅಪ್ಪನ ಕೂಗಿಗೆ ಕೊಕ್ಕರೆಗಳೆಲ್ಲ ಎದ್ದುಹೋದವು. ಅವಳು ಕೊಡಲಿಯನ್ನು ಗುಡಿಸಲೊಳಗೆ ಎಸೆದು ಹಿಡಿಕೆ ಎತ್ತಿದಳು.

ಎಳೆದಳು. ದಂಟು ಮುರಿಯುತ್ತ, ಬದು ಹತ್ತಿ ಇಳಿದು. ಮುರಿದ ಗಳ ಬೆನ್ನಿಗೆ ಬಡಿಯುತ್ತಿತ್ತು, ಅಂಗೈ ಸುಲಿದಿತ್ತು. ಹಗುರವೆಂದು ಕಟ್ಟಿದ್ದು ಒಳಗೊಬ್ಬ ಮನುಷ್ಯನಿದ್ದಾಗ ಹಗುರವಿರಲಿಲ್ಲ.

"ವಿದ್ಯಾ," ಒಳಗಿನಿಂದ ಕಾಕಾನ ದನಿ. "ಈಗ ಯಾರ ಹೊಲದಾಗ ಅದೇವಿ?"

"ರಸ್ತಾದಾಗ ಅದೇವಿ, ಕಾಕಾ."

ಎದುರಿಗೆ ಹಾಲಿನ ಟೆಂಪೋ ಬರುತ್ತಿತ್ತು. ಅವಳು ಗುಡಿಸಲನ್ನು ರಸ್ತೆಯ ನಟ್ಟನಡುವೆ ಅಡ್ಡ ನಿಲ್ಲಿಸಿ, ಅದರ ಮುಂದೆ ಕೈಯೆತ್ತಿ ನಿಂತಳು.