ಹುಬ್ಬಣ್ಣನ ಐವತ್ತೆರಡು ಸೆಕೆಂಡು

ರಂಗದ ಸೈಡ್‌ವಿಂಗಿನ ಬಲ್ಬು ಒಮ್ಮೆ ಮಿಣುಕಿತು, ಅದರ ಕೆಳಗೆ ಷಣ್ಮುಖಪ್ಪ ಮೇಷ್ಟ್ರ ಬೆರಳು, ನಾಟಕದ ಪುಸ್ತಕದಲ್ಲಿ ಅಣ್ಣನ ಮಾತಿನ ಮೊದಲ ಸಾಲಿನ ಮೇಲೆ ನಿಂತಿದೆ, ಹದಿನಾಲ್ಕು ವರ್ಷದಿಂದ ಪ್ರಸನ್ನಕುಮಾರ್ ಕಣ್ಣಂಚಿನಲ್ಲಿ ನೋಡಿಕೊಂಡು ಬಂದ ಬೆರಳು, ಅದು ಸರಿದಂತೆ ತನ್ನ ಬಾಯಿ ಸರಿಯಬೇಕು, ಇವತ್ತು ಸರಿಯುವುದಿಲ್ಲ ಮೇಷ್ಟ್ರೆ, ಸ್ವಲ್ಪ ತಡೀರಿ — ಬಂದೆಯಾ, ಎಂದು ಮೇಷ್ಟ್ರು ಪಿಸುಗುಟ್ಟುತ್ತಾರೆ, ಬಂದೆಯಾ, ಹನ್ನೊಂದು ವರ್ಷದ ಮೇಲೆ ಈ ಬಾಗಿಲು ನೆನಪಾಯಿತೇ — ಗೊತ್ತು, ಮರೆತಿಲ್ಲ, ಒಂದೂವರೆ ಪುಟದ ಬೈಗುಳ, ಕೊನೆಯಲ್ಲಿ ಒಂದೇ ಒಂದು ಬಾ, ಎಲ್ಲವೂ ಬಾಯಿಪಾಠ. ಎದುರಿಗೆ ಹೊಸ್ತಿಲಾಚೆ ಜಾಕಿರ್, ಮನೆ ಬಿಟ್ಟುಹೋಗಿ ಮರಳಿದ ತಮ್ಮನ ಪಾರ್ಟು, ಕೈಯಲ್ಲಿ ತಗಡಿನ ಟ್ರಂಕು, ತಾನು ಅಣ್ಣ, ನಡುವಿನ ಬಾಗಿಲ ಚೌಕಟ್ಟು ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ತಾನೇ ಬೆಸುಗೆ ಹಾಕಿದ್ದು, ಬಾಗಿಲಿನಷ್ಟು ಗಟ್ಟಿ ನಾಟಕವೂ ಇರಲಿ ಕಣಯ್ಯಾ ಎಂದು ವರ್ಕ್‌ಶಾಪಿನ ಸಾಹುಕಾರರು ನಕ್ಕಿದ್ದರು. ಏಳು, ಎಂಟು, ಒಂಬತ್ತು. ಭದ್ರಾವತಿಯ ಜನ, ಮೊದಲ ಶಿಫ್ಟು ಮುಗಿಸಿ, ಊಟ ಮಾಡಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನಾಟಕದ ಸ್ಪರ್ಧೆಗೆ ಬಂದವರು, ಸದ್ಯಕ್ಕೆ ಸುಮ್ಮನಿದ್ದಾರೆ. ಐವತ್ತೆರಡರ ತನಕ ಎಣಿಸಬೇಕು. ಹುಬ್ಬಣ್ಣ ಅಷ್ಟು ಹೊತ್ತು ನಿಂತಿದ್ದ.

ಹುಬ್ಬಣ್ಣ — ಪಿಚ್ಚರಿನ ನಟ, ಅವನ ನಿಜವಾದ ಹೆಸರು ಡಿಸ್ಕಿನ ಮೇಲೆ ಜಪಾನಿ ಅಕ್ಷರದಲ್ಲಿತ್ತು, ಯಾರು ಓದಬೇಕು, ದಪ್ಪ ಹುಬ್ಬು ನೋಡಿ ಜಾಕಿರನೇ ನಾಮಕರಣ ಮಾಡಿದ, ಶಿವಮೊಗ್ಗದ ಗಾಂಧಿ ಬಜಾರಿನ ಹಿಂದೆ ಜಾಕಿರನ ವಿಸಿಡಿ ಅಂಗಡಿ, ಜಪಾನಿನ ಪಿಚ್ಚರ್ ಅಂದರೆ ಕರಾಟೆ ಇರುತ್ತೆ ಎಂದು ಒಂದು ಡಬ್ಬಿ ತುಂಬ ತರಿಸಿದ್ದ, ಬಂದದ್ದು ನೋಡಿದರೆ ಒಬ್ಬನೂ ಕಾಲೆತ್ತಿ ಒದೆಯುವುದಿಲ್ಲ. ಅರೆ ಯಾರ್, ಪಿಸ್ತೂಲು ಹಿಡ್ಕೊಂಡು ಬಂದವ್ನು ಕೂತ್ಕೊಂಡು ಟೀ ಕುಡೀತಾನಲ್ಲ, ಯಾವನು ಬಾಡಿಗೆಗೆ ಒಯ್ತಾನೆ ಇದನ್ನ — ಕಡೆಗೆ ಒಯ್ದವನು ಪ್ರಸನ್ನ ಒಬ್ಬನೇ, ಆಮೇಲೆ ಭಾನುವಾರ ಮಧ್ಯಾಹ್ನ ಅಂಗಡಿಯ ಷಟರು ಅರ್ಧ ಇಳಿಸಿ ಇಬ್ಬರೂ ಒಟ್ಟಿಗೆ, ಕೆಳಗೆ ಓಡುವ ಇಂಗ್ಲಿಷು ಓದುವಷ್ಟರಲ್ಲಿ ಓಡಿಹೋಗುತ್ತಿತ್ತು, ಓದುವುದನ್ನೇ ಬಿಟ್ಟರು, ಹುಬ್ಬಣ್ಣ ಮಾತಾಡಿದರೆ ತಾನೆ ಓದಬೇಕು. ಒಂದರಲ್ಲಿ ಅವನು ಸುಪಾರಿ ಕೊಲೆಗಾರ, ಮುದುಕ ಕ್ಷೌರಿಕನನ್ನು ಮುಗಿಸಲು ಬರುತ್ತಾನೆ, ಅನುಮಾನ ಬರಬಾರದೆಂದು ಗಡ್ಡ ಕೊಟ್ಟು ಕೂರುತ್ತಾನೆ, ಬೆಚ್ಚಗಿನ ಬಟ್ಟೆ ಮುಖದ ಮೇಲೆ ಬಿದ್ದದ್ದೇ ನಿದ್ದೆ ಹೋಗುತ್ತಾನೆ, ಎದ್ದವನಿಗೆ ನಾಚಿಕೆ, ಪೊರಕೆ ತೆಗೆದುಕೊಂಡು ತನ್ನ ಕೂದಲು ತಾನೇ ಗುಡಿಸಿ ಹೊರಟುಬಿಡುತ್ತಾನೆ — ಎಷ್ಟು ಮುದ್ದಾಗಿ ಗುಡಿಸಿದ ಮಾರಾಯ, ಆ ಬಗ್ಗಿದ ಬೆನ್ನಿನಲ್ಲೇ ಇನ್ನು ಕೊಲ್ಲುವುದಿಲ್ಲ ಅನ್ನುವುದು ಗೊತ್ತಾಗುತ್ತಿತ್ತು. ಇನ್ನೊಂದರಲ್ಲಿ ಪೊಲೀಸಿನವನು, ಬಂದರಿನಲ್ಲಿ ಮೀನು ಕದಿಯುವವನನ್ನು ಹುಡುಕುತ್ತಿದ್ದಾನೆ, ಕಳ್ಳ ತನ್ನ ಮಾವನೇ ಎಂದು ತಿಳಿದ ದಿನವೂ ಮನೆಗೆ ಬಂದು ಅದೇ ಮೀನು ಉಣ್ಣುತ್ತಾನೆ, ಒಂದೊಂದೇ ಮುಳ್ಳು ತೆಗೆದು ತಟ್ಟೆಯಂಚಿಗೆ ಜೋಡಿಸುತ್ತಾನೆ, ಹೆಂಡತಿ ನೋಡುತ್ತಿದ್ದಾಳೆ, ಜಾಕಿರನಿಗೆ ನಗು, ತನಗೆ ಕಣ್ಣಲ್ಲಿ ನೀರು, ಮೀನು ತಿನ್ನದ ಲಿಂಗಾಯತರ ಮನೆಯವನು ತಾನು, ಆ ಮುಳ್ಳು ಗಂಟಲಲ್ಲಿ ಸಿಕ್ಕಿದಂತಾಗಿತ್ತು. ಮತ್ತೆ ಆ ಮೂರನೆಯದು, ಜೈಲಿನಿಂದ ಬಂದ ತಮ್ಮ ಬಾಗಿಲಲ್ಲಿ, ಒಳಗೆ ಉಣ್ಣುತ್ತಿದ್ದ ಹುಬ್ಬಣ್ಣ ಎದ್ದು ಬಂದು ಸುಮ್ಮನೆ ನೋಡುತ್ತಾನೆ, ಜಾಕಿರ್ ಗೋಡೆ ಗಡಿಯಾರ ನೋಡಿ ಲೆಕ್ಕ ಹಾಕಿದ, ಐವತ್ತೆರಡು ಸೆಕೆಂಡು, ಆಮೇಲೆ ಒಳಗೆ ಹೋಗಿ ಇನ್ನೊಂದು ಬಟ್ಟಲು ತರುತ್ತಾನೆ. ಅಷ್ಟೇ. ಇಬ್ಬರೂ ಷಟರಿನ ಕೆಳಗೆ ಬರುವ ಬಿಸಿಲು ನೋಡುತ್ತ ಕೂತುಬಿಟ್ಟಿದ್ದರು, ಪ್ರೀತಿ ಅಂದರೆ ಇದು, ಒಮ್ಮೆ, ಒಂದೇ ಒಂದು ಸಲ ತಾನೂ ಹೀಗೆ ನಿಲ್ಲಬೇಕು.

ಮೇಷ್ಟ್ರಿಗೆ ಹೇಳಿದ್ದ, ಹೇಳದೆ ಇಲ್ಲ, ಹೊಳೆಹೊನ್ನೂರಿನಲ್ಲಿ ನಾಟಕ ಮುಗಿಸಿ ಬಸ್ಸಿನಲ್ಲಿ ಬರುವಾಗ, ಮೇಷ್ಟ್ರೆ ಆ ಮಾತಿಗೆ ಮುಂಚೆ ಸ್ವಲ್ಪ ಸುಮ್ನೆ ನಿಂತರೆ ಹೇಗೆ — ಮೌನ ಬಂಗಾರ ಅಂತೀಯೇನೋ, ಹಿಂದಿನ ಸಾಲಿನವನಿಗೆ ಬಂಗಾರ ಕೇಳಿಸುತ್ತೇನೋ, ಮಾತು ಬರ್ದಿರೋದು ಆಡೋಕೆ ಪ್ರಸನ್ನ. ಮೂವತ್ತು, ಮೂವತ್ತೊಂದು. ಬಂದೆಯಾ — ಈಗ ಪಿಸುಮಾತಲ್ಲ, ಮುಂದಿನ ಸಾಲಿಗೆ ಕೇಳಿಸಿತು, ಯಾರೋ ಕಿಸಕ್ಕೆಂದರು, ಮರ್ತೋಯ್ತಾ ಮಾರಾಯ ಎಂದು ಒಬ್ಬ ಕೂಗಿದ, ಪರದೆಯವನ ಕೈ ಹಗ್ಗದ ಮೇಲೆ ಹೋಯಿತು, ಎಳೀಬೇಡ್ವೋ, ಎಳೀಬೇಡ, ಎಣಿಕೆ ಇನ್ನೂ ಮುಗಿದಿಲ್ಲ, ಹನ್ನೊಂದು ವರ್ಷದ ಮೇಲೆ, ಮೇಷ್ಟ್ರ ದನಿ ಏರುತ್ತಿದೆ, ನಡುಗುತ್ತಿದೆ, ಇದು ಪ್ರಾಂಪ್ಟ್ ಮಾಡುವ ದನಿಯಲ್ಲ, ಯಾಕಿಷ್ಟು — ಅಯ್ಯೋ. ಅಯ್ಯೋ, ತಾನೆಂಥ ಕತ್ತೆ. ಭೈರಪ್ಪ. ಮೇಷ್ಟ್ರ ತಮ್ಮ ಭೈರಪ್ಪ, ಜಗಳವಾಡಿ ಮನೆ ಬಿಟ್ಟವನು ಹನ್ನೊಂದು ವರ್ಷದ ಮೇಲೆ ರವೀಂದ್ರನಗರದ ಮನೆ ಬಾಗಿಲಿಗೆ ಬಂದಿದ್ದನಂತೆ, ನಂಗೆ ಬಾಯೇ ಬರ್ಲಿಲ್ಲ ಪ್ರಸನ್ನ, ಕಣ್ಣು ತುಂಬಿತ್ತು, ಬಾಯಿ ಬರ್ಲಿಲ್ಲ, ಅಣ್ಣನಿಗೆ ನಾನು ಬೇಡ ಅಂದ್ಕೊಂಡ, ಹಾಗೇ ತಿರುಗಿ ಹೋದ, ಇವತ್ತಿಗೂ ಎಲ್ಲಿದಾನೋ — ನಾಟಕ ಬರೆದ ವರ್ಷ ಹೇಳಿದ್ದರು, ಒಂದೇ ಸಲ, ಕನ್ನಡಕ ಒರೆಸುತ್ತ, ಆಮೇಲೆ ಆ ಮಾತು ಎತ್ತಲಿಲ್ಲ. ಅವತ್ತು ಆಡಲಾರದೆ ಹೋದ ಮಾತೇ ಒಂದೂವರೆ ಪುಟ. ಬೈಯುವುದು ನೆಪ, ಬೈದಷ್ಟು ಹೊತ್ತು ತಮ್ಮ ಹೊಸ್ತಿಲಲ್ಲಿ ನಿಂತಿರುತ್ತಾನಲ್ಲ, ಅದಕ್ಕೆ. ತಾನೋ, ಹುಬ್ಬಣ್ಣನ ಹುಚ್ಚಿನಲ್ಲಿ, ತಂದೆಯಂಥ ಮನುಷ್ಯನ ಕಣ್ಣೆದುರು ಅದೇ ಬಾಗಿಲಲ್ಲಿ ಅದೇ ಮೌನ ಹಿಡಿದು ನಿಂತಿದ್ದಾನೆ.

ಆಡು, ಈಗಲೇ ಆಡು, ಬಂದೆಯಾ ಅನ್ನು, ಬಾಯಿಪಾಠವಾಗಿದ್ದ ಮಾತು ಈಗ ನಿಜಕ್ಕೂ ಹೋಯಿತು, ಮೊದಲ ಅಕ್ಷರವೇ ಇಲ್ಲ, ನಾಟಕವಾಡಲು ಹೋಗಿ ಇದೆಂಥದ್ದಾಯಿತು — ಜನ ನಗುವುದು ನಿಲ್ಲಿಸಿದ್ದಾರೆ, ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟಿದ್ದಾಳೆ, ತನ್ನ ಕೆನ್ನೆ ಒದ್ದೆ, ಯಾವಾಗ ಒದ್ದೆಯಾಯಿತೋ. ಜಾಕಿರ್ ನೋಡುತ್ತಿದ್ದಾನೆ, ಇದು ಹುಬ್ಬಣ್ಣನ ಮೌನವೆಂದೇ ತಿಳಿದಿದ್ದಾನೆ ಪಾಪ, ನಿಜ ಗೊತ್ತಿಲ್ಲ ಅವನಿಗೆ, ಚೆನ್ನಾಗಿ ಆಡುತ್ತಿದ್ದೇವೆಂಬ ಸಂತೋಷದಲ್ಲಿ ತಲೆ ತಗ್ಗಿಸಿ, ಪುಸ್ತಕದಲ್ಲಿಲ್ಲದ ಹಾಗೆ, ಬೆನ್ನು ತಿರುಗಿಸುತ್ತಾನೆ, ಒಂದು ಹೆಜ್ಜೆ, ಹೋಗಬೇಡ, ಹೋಗಬೇಡವೋ ಜಾಕಿರ್, ಎರಡನೆಯ ಹೆಜ್ಜೆ — ಬಲ್ಬಿನ ಕೆಳಗೆ ಬೆರಳು ಅಲುಗಿತು, ಸಾಲು ಬಿಟ್ಟು ಜಾರಿತು, ಅರ್ಧ ಪುಟ, ಒಂದು ಪುಟ, ಒಂದಕ್ಷರಕ್ಕೆ ತಡಬಡಿಸಿದರೂ ಬೈಯುತ್ತಿದ್ದ ಮೇಷ್ಟ್ರು ಹಾಳೆ ತಿರುಗಿಸಿದರು, ತಾವು ಬರೆದದ್ದಷ್ಟನ್ನೂ ದಾಟಿ ಬೆರಳು ತಳಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ನಿಂತಿತು, ಬಾ ಅನ್ನೋ, ಪ್ರಸನ್ನ, ಉಳಿದದ್ದೆಲ್ಲ ಬೇಡ, ಬಾ ಅನ್ನು ಸಾಕು, ಹೋಗ್ತಿದಾನೆ — ಬಾ, ಅಂದದ್ದು ತಾನೋ ಮೇಷ್ಟ್ರೋ, ಒಟ್ಟಿಗೇ ಬಂತು, ಜಾಕಿರನ ಕೈಯಿಂದ ಟ್ರಂಕು ಬಿತ್ತು, ಜನ ಎದ್ದು ನಿಂತರೇನೋ, ಏನೋ ಸದ್ದು, ಕಾಣುತ್ತಿರುವುದು ಬೆರಳೊಂದೇ, ಬಾ ಎಂಬ ಅಕ್ಷರದ ಮೇಲೆ, ಒತ್ತಿ ಹಿಡಿದದ್ದು, ಇನ್ನೂ ಎತ್ತಿಲ್ಲ, ಆ ಬೆರಳು —