ಮಿಂಚುಗೈಯನ್ನು ಎಲ್ಲಿಂದ ಓದಬೇಕು

ಮಿಂಚುಗೈಯನ್ನು ಮೊದಲ ಸಂಚಿಕೆಯಿಂದ ಓದಿ ಎಂದು ಸಲಹೆ ಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶುರುವಾದ ಚಿತ್ರಕಥೆಯ ಮಾಸಿಕ ಅದು, ಇವತ್ತಿಗೂ ತಿಂಗಳು ತಪ್ಪದೆ ಅಂಚೆಯಲ್ಲಿ ಬರುತ್ತದೆ. ಮೊದಲ ಎರಡು ವರ್ಷ ಚಿತ್ರ ಬರೆದ ಪುಣ್ಯಾತ್ಮನಿಗೆ ಕೈಬೆರಳು ಬರೆಯಲು ಬರುತ್ತಿರಲಿಲ್ಲ. ಅಂಗೈಯಿಂದ ಮಿಂಚು ಬಿಡುವ ನಾಯಕನಿಗೆ ಬೆರಳೇ ನೆಟ್ಟಗಿಲ್ಲದಿದ್ದರೆ ಹೇಗೆ? ಹೊಸಬರು ಮೂರನೇ ವರ್ಷದಿಂದ ಹಿಡಿಯಬೇಕು. ಶಿರಾಳಕೊಪ್ಪದ ನನ್ನ ಬೀಜ-ಗೊಬ್ಬರದ ಅಂಗಡಿಗೆ ಯೂರಿಯಾ ಕೇಳಿಕೊಂಡು ಬಂದವರಿಗೂ ಇದನ್ನು ಹೇಳಿದ್ದೇನೆ. ಅವರು ಯೂರಿಯಾ ತೆಗೆದುಕೊಂಡು ಹೋಗಿದ್ದಾರೆ.

ಮನೆಯಲ್ಲಿ ಅಷ್ಟು ಕೇಳಿಸಿಕೊಳ್ಳುವವರೂ ಇಲ್ಲ. ಹೆಂಡತಿ ರಕ್ಷಿತಾ ಅದಕ್ಕೆ ‘ನಿಮ್ಮ ಕರೆಂಟ್ ಪುಸ್ತಕ’ ಎಂದು ಹೆಸರಿಟ್ಟು ಕಪಾಟಿನ ಮೇಲಕ್ಕೆ ಹತ್ತಿಸಿದ್ದಾಳೆ. ಇದರ ಬಗ್ಗೆ ನನ್ನ ಜೊತೆ ಮಾತಾಡುವವನು ಸೊರಬದ ಚೌಡೇಶ್ ಒಬ್ಬನೇ. ಅವನು ಮೊದಲ ಸಂಚಿಕೆಯ ಪಾರ್ಟಿ, ಹಾಗಾಗಿ ಮಾತು ಬೇಗ ಜಗಳಕ್ಕೆ ತಿರುಗುತ್ತದೆ. ನನ್ನ ಮನೆಯಲ್ಲಿ ಒಬ್ಬರಾದರೂ ಮಿಂಚುಗೈ ಓದಬೇಕು, ಊಟಕ್ಕೆ ಕೂತಾಗ ಅವನ ಸುದ್ದಿ ಎತ್ತಬೇಕು ಎನ್ನುವುದು ನನ್ನ ಬಹುಕಾಲದ ಆಸೆ.

ಹೀಗಿರುವಾಗ, ಕಣ್ಣಿನ ಪೊರೆ ತೆಗೆಸಿಕೊಂಡು ಹೊಸ ಕನ್ನಡಕ ಹಾಕಿಕೊಂಡಿದ್ದ ಅವ್ವ ಒಂದು ಬೆಳಿಗ್ಗೆ ತಾನಾಗಿಯೇ ಕೇಳಿದಳು.

“ಗುರು, ಟಿವಿ ನೋಡಿ ನೋಡಿ ಬ್ಯಾಸರಾಗೈತೆ. ಆ ಕೈಯಾಗೆ ಕರೆಂಟ್ ಇರೋನ್ದು ಓದ್ತೀಯಲ್ಲ, ಅದನ್ನ ಎಲ್ಲಿಂದ ಓದ್ಬೇಕಪ್ಪ?”

ನನಗೆ ಕುಣಿಯುವಷ್ಟು ಖುಷಿಯಾಯಿತು. ಮೂರನೇ ವರ್ಷದ ಕಟ್ಟು ಇಳಿಸಿ, ಧೂಳು ಒರೆಸಿ ಕೈಗೆ ಕೊಟ್ಟೆ. ಅವ್ವ ಹಜಾರದಲ್ಲಿ ಕೂತು ಬಿಚ್ಚಿದಳು. ಎದುರಿನ ಮಂಚದ ಮೇಲೆ ಅಪ್ಪಾಜಿ ಎಂದಿನಂತೆ ಪೇಪರ್ ಹಿಡಿದಿದ್ದರು. ಸಂಜೆ ನಾನು ಬರುವಷ್ಟರಲ್ಲಿ ಕಟ್ಟು ನನ್ನ ಮೇಜಿನ ಮೇಲೆ ವಾಪಸ್ ಬಂದಿತ್ತು. ಅಕ್ಷರ ಸಣ್ಣದಾಯಿತೇನೋ ಎಂದು ದೊಡ್ಡ ಅಕ್ಷರದ ಯುಗಾದಿ ವಿಶೇಷಾಂಕ ಕೊಟ್ಟೆ. ಅದೂ ಬಂತು. ಕೊನೆಗೆ ಮಾನ ಬಿಟ್ಟು ಮೊದಲ ಸಂಚಿಕೆಯನ್ನೇ ಕೊಟ್ಟೆ.

“ಚೆನ್ನಾಗೇ ಐತಪ್ಪ. ನನಗೇ ಆಗವಲ್ದು,” ಎಂದಳು ಅವ್ವ.

ನನಗೆ ಬಹಳ ಬೇಜಾರಾಯಿತು. ಕೇಳದವರು ಓದದಿದ್ದರೆ ಬೇರೆ, ಕೇಳಿ ಪಡೆದವಳು ಹಿಂದಕ್ಕೆ ಕೊಟ್ಟಳಲ್ಲ ಎಂದು ಮಕ್ಕಳ ಹಾಗೆ ಮುಖ ಊದಿಸಿಕೊಂಡು ಓಡಾಡಿದೆ. ಆದರೂ ಮನಸ್ಸು ತಡೆಯದೆ ಭಾನುವಾರ ಇನ್ನೊಮ್ಮೆ ನೋಡೆಂದು ಒತ್ತಾಯ ಮಾಡಿ, ಒಳಕೋಣೆಯಲ್ಲಿ ಕಿವಿಗೊಟ್ಟು ಕೂತೆ.

ಅವ್ವನಿಗೆ ಬಾಯಿ ಮುಚ್ಚಿ ಓದಿ ಗೊತ್ತಿಲ್ಲ. ಮಠದಲ್ಲಿ ಪುರಾಣ ಓದಿ ಕಲಿತವಳು, ಮದುವೆ ಕಾರ್ಡಾದರೂ ಗಟ್ಟಿಯಾಗಿಯೇ ಓದಬೇಕು. “ಬೆಳಗಿನ ಜಾವ. ಊರ ಮುಂದಿನ ಬಾವಿ. ಗೌಡರು ಕೂಗುತ್ತಾರೆ: ಲೋ ದಡ್ಡ...” ಎಂದವಳು ಅಲ್ಲಿಗೇ ನಿಂತಳು. ಕೆಮ್ಮಿದಳು. ಮುಂದಿನ ಚಿತ್ರಕ್ಕೆ ಹೋದಳು. “ಮೋಟರು ಸುಟ್ಟಿದೆ, ಎಲ್ಲಿ ಹಾಳಾಗಿ ಹೋದ ಆ...” ಮತ್ತೆ ನಿಂತಳು.

ನಾನು ಹಣೆ ಚಚ್ಚಿಕೊಂಡೆ. ಹಗಲು ಹೊತ್ತಿನಲ್ಲಿ ಮಿಂಚುಗೈ ಪಂಪ್‌ಸೆಟ್ ರಿಪೇರಿ ಮಾಡುವ, ಊರವರಿಂದೆಲ್ಲ ಬೈಸಿಕೊಳ್ಳುವ ಒಬ್ಬ ಸಾಧು ಮನುಷ್ಯ. ಅವನ ಹೆಸರು ವೀರಬಸಪ್ಪ. ಅಪ್ಪಾಜಿಯ ಹೆಸರೂ ವೀರಬಸಪ್ಪ. ಚಿಕ್ಕಂದಿನಲ್ಲಿ ನಾನು ಆ ಪುಸ್ತಕಕ್ಕೆ ಮರುಳಾದದ್ದೇ ಆ ಹೆಸರು ನೋಡಿ. ಅವ್ವನೋ, ಗಂಡನ ಹೆಸರು ಹಿಡಿದು ಹೇಳಿದವಳಲ್ಲ. ಆಸ್ಪತ್ರೆಯಲ್ಲಿ ನರ್ಸ್ ಕೇಳಿದಾಗ ನನ್ನ ಕಡೆ ಕೈ ತೋರಿಸಿದಳು. ಮದುವೆಮನೆಯಲ್ಲಿ ಹೆಂಗಸರು ಗಂಡನ ಹೆಸರು ಹೇಳೆಂದು ಬಾಗಿಲಿಗೆ ಅಡ್ಡ ನಿಂತರೆ ಮಾತ್ರ ಒಂದು ಒಗಟು ಕಟ್ಟಿ, ಅದರ ಬಾಲಕ್ಕೆ ಹೆಸರು ಸೇರಿಸಿ ಓಡಿಬಿಡುತ್ತಾಳೆ. ಅಂಥವಳು ಗಂಡ ಎದುರಿಗೇ ಕೂತಿರುವಾಗ ‘ಲೋ ದಡ್ಡ ವೀರಬಸಪ್ಪ’ ಎಂದು ಓದುವುದುಂಟೇ?

“ಮನಸ್ಸಿನಾಗೇ ಓದ್ಕಳವ್ವ,” ಎಂದು ಹಜಾರಕ್ಕೆ ಬಂದೆ.

“ಮನಸ್ಸಿನಾಗೆ ಓದಿದ್ರೆ ಕತೆ ಹೆಂಗ್ ಕೇಳ್ಸುತ್ತೆ?”

“ಹಂಗಾರೆ ಹೆಸರು ಬಂದಲ್ಲೆಲ್ಲ ‘ಇವ್ರು’ ಅನ್ನು.”

“ಲೋ ದಡ್ಡ ಇವ್ರು ಅಂತ ಅನ್ಲಾ?” ಎಂದು ಅವ್ವ ನನ್ನನ್ನೇ ದಿಟ್ಟಿಸಿದಳು.

ಆ ಹೆಸರು ಬಾರದ ಸಂಚಿಕೆಗಳು ಇಲ್ಲದೇ ಇಲ್ಲ. ನಡುವೆ ಒಂದು ವರ್ಷ ನಮ್ಮ ನಾಯಕ ಶಾಕ್ ಹೊಡೆದು ತಾನು ಯಾರೆಂಬುದನ್ನೇ ಮರೆಯುತ್ತಾನೆ. ಗುರುತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಸೋಡಾ ಮಾರುತ್ತಾನೆ. ಹೊಡೆದಾಟವಿಲ್ಲ, ಮಿಂಚಿಲ್ಲ. ಓದುಗರೆಲ್ಲ ಉಗಿದ ವರ್ಷ ಅದು. ಅದರ ಹತ್ತಿರ ಸುಳಿಯಬೇಡಿ ಎಂದು ಹೇಳುತ್ತ ಬಂದವನು ನಾನು. ಆ ಕಟ್ಟನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಬೇಡವೆಂದು ಚೌಡೇಶನಿಗೆ ದಾಟಿಸಿದ್ದೆ.

ಮರುದಿನ ಬೈಕ್ ಹತ್ತಿ ಸೊರಬಕ್ಕೆ ಹೋದೆ. ಚೌಡೇಶ್ ಹೊಸಬಾಳೆಯವನು, ಸೊರಬದ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ.

“ಎಂತ ಮಾರಾಯ, ಮರೆವಿನ ವರ್ಷವಾ? ಅದು ಕಸ ಅಂದಂವ ನೀನೇ ಅಲ್ದನಾ?” ಎಂದ.

“ಕಸವೇ. ಕೊಡು,” ಎಂದು ನಡೆದದ್ದನ್ನು ಹೇಳಿದೆ.

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ನಮ್ಮಮ್ಮನೂ ಹಂಗೇಯ. ಅಪ್ಪಯ್ಯನ ಹೆಸರು ಕೆಂಪಪ್ಪ ಅಲ್ದನಾ? ಅಮ್ಮ ಕೆಂಪು ಅನ್ನೂದೇ ಇಲ್ಲ. ಸೀರೆ ಅಂಗಡಿಗೆ ಹೋಗಿ ದಾಸಾಳದ ಬಣ್ಣದ್ದು ಕೊಡಿ ಅಂತಾಳೆ, ಅಂಗಡಿಯವ ಬಿಳಿ ದಾಸಾಳವಾ ಅಂತಾನೆ.”

ಕಟ್ಟು ಕೊಡುವ ಮುಂಚೆ, ಓದಲು ಸರಿಯಾದ ಜಾಗ ಮೊದಲ ಸಂಚಿಕೆಯೇ ಎಂದು ಒಪ್ಪಿಕೋ ಎಂದ. ನಾನು ಒಪ್ಪಲಿಲ್ಲ. ಆದರೂ ಕೊಟ್ಟ, ಒಳ್ಳೆಯವನು.

ಆಮೇಲೆ ನಮ್ಮ ಮನೆಯ ಸಂಜೆಗಳು ಬದಲಾದವು. ಅಂಗಡಿ ಮುಚ್ಚಿ ಬಂದರೆ ಹಜಾರದಿಂದ ಅವ್ವನ ದನಿ ಕೇಳುತ್ತಿತ್ತು. ಕತೆಯಲ್ಲಿ ಎಲ್ಲರೂ ಅವನನ್ನು ಸೋಡಾದವ ಎಂದೇ ಕರೆಯುತ್ತಾರೆ. ಬಸ್‌ಸ್ಟ್ಯಾಂಡಿನ ಒಬ್ಬ ಮುದುಕಿ ಅವನಿಗೆ ದಿನಾ ರೊಟ್ಟಿ ಕೊಡುತ್ತಾಳೆ. “ಪಾಪ, ಇವನ ಮನಿಯೋರು ಎಷ್ಟು ಹುಡುಕ್ತಿರ್ಬೇಕು,” ಎಂದು ಊಟಕ್ಕೆ ಕೂತಾಗ ಅವ್ವ ತಾನಾಗಿ ಸುದ್ದಿ ಎತ್ತಿದ ದಿನ ನನಗೆ ಇನ್ನೊಂದು ರೊಟ್ಟಿ ಹೆಚ್ಚು ಹೋಯಿತು. ಅವ್ವನ ಬಾಯಲ್ಲಿ ಕೇಳಿದರೆ ಆ ದರಿದ್ರ ವರ್ಷವೂ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪಾಜಿ ಮಾತ್ರ ಮುಖಕ್ಕೆ ಪೇಪರ್ ಹಿಡಿದೇ ಇರುತ್ತಿದ್ದರು. ಅದರ ಹಾಳೆ ಮಗುಚಿದ ಸದ್ದನ್ನು ನಾನು ಕೇಳಲಿಲ್ಲ.

ಕೊನೆಯ ಸಂಚಿಕೆಯ ವಿಷಯ ನನಗೆ ಹೊಳೆದದ್ದು ಅಂಗಡಿಯಲ್ಲಿ, ಬೀಜದ ಚೀಲ ಎತ್ತಿಕೊಡುವಾಗ. ಅದರಲ್ಲಿ ಅವನಿಗೆ ನೆನಪು ಮರಳುತ್ತದೆ. ಒಂದು ಇಡೀ ಪುಟದ ತುಂಬ ಅವನ ಹೆಸರೇ ಇದೆ. ಇಷ್ಟು ದೂರ ಬಂದು ಅಲ್ಲಿ ನಿಂತರೆ ಅವ್ವ ಇನ್ನು ಮುಟ್ಟುವುದಿಲ್ಲ ಎಂದು ಹೆದರಿ, ಅಂಗಡಿಯ ಬಾಗಿಲು ಎಳೆದು ಮನೆಗೆ ಓಡಿದೆ. ಹೊಸ್ತಿಲು ದಾಟುವಾಗಲೇ ದನಿ ಕೇಳಿಸಿತು.

“ಮುದುಕಿ ಕೇಳುತ್ತಾಳೆ: ಮಗಾ, ಈಗಲಾದರೂ ಹೇಳು, ನಿನ್ನ ಹೆಸರೇನು? ಅವನು ಕಣ್ಣು ಮುಚ್ಚುತ್ತಾನೆ. ಎಲ್ಲವೂ ನೆನಪಾಗುತ್ತದೆ. ಅವನು ಹೇಳುತ್ತಾನೆ: ತಾಯೀ, ನನ್ನ ಹೆಸರು...”

ಅವ್ವ ನಿಂತಳು. ಬೆರಳು ಆ ಪುಟದ ಮೇಲೆಯೇ ಇತ್ತು. ಕೆಮ್ಮಲಿಲ್ಲ, ಪುಟ ತಿರುಗಿಸಲೂ ಇಲ್ಲ. ಬಿಟ್ಟುಹೋಗಲು ಅವಳಿಗೂ ಮನಸ್ಸಿಲ್ಲವೆಂದು ನನಗೆ ಕಾಣುತ್ತಿತ್ತು. ನಾನೇ ಹೇಳಿಬಿಡೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಪೇಪರ್ ಕೆಳಗಿಳಿಯಿತು.

“ವೀರಬಸಪ್ಪ,” ಎಂದರು ಅಪ್ಪಾಜಿ, ಆ ಮುದುಕಿ ತಮ್ಮನ್ನೇ ಕೇಳಿದ ಹಾಗೆ. ಆಮೇಲೆ ಅವ್ವನ ಕಡೆ ತಿರುಗಿ, “ಮುಂದೆ ಓದು. ಮನಿಗೆ ಹೋದ್ನಾ ಇಲ್ಲಾ?” ಎಂದರು.

ಅವ್ವ ಸೆರಗು ಎಳೆದುಕೊಂಡಳು. ಮುಖ ಮದುವೆಮನೆಯಲ್ಲಿ ಒಗಟು ಹೇಳಿ ಓಡುವಾಗಿನ ಹಾಗಿತ್ತು, ಆದರೆ ಈ ಸಲ ಓಡಲಿಲ್ಲ. ಒಬ್ಬ ಓದುಗ ಸಿಕ್ಕರೆ ಸಾಕೆಂದುಕೊಂಡಿದ್ದವನು ನಾನು, ಸಂತೋಷದಿಂದ ಹೊಸ್ತಿಲ ಬಳಿಯೇ ಕೂತೆ.

“ನೋಡ್ತೀನಿ, ಸ್ವಲ್ಪ ತಡ್ಕಳ್ರೀ,” ಎಂದು ಅವ್ವ ಪುಟ ತಿರುಗಿಸಿದಳು.