ನೂರ ಎಪ್ಪತ್ತು ಎಂಬಿಯ ವರದಿ

ಬಸ್ ತಂಗುದಾಣ ಕಟ್ಟಿಸುವ ಕಚೇರಿಯ ಎರಡನೇ ಮಹಡಿಯಲ್ಲಿ, ಜೆರಾಕ್ಸ್ ಯಂತ್ರಕ್ಕೆ ಬೆನ್ನು ಹಾಕಿ ಕೂರುವ ಟೈಪಿಸ್ಟಿಗೆ ವರ್ಷದ ವರದಿಯ ಕೆಲಸ ಬಂತು. ಸಾಹೇಬರು ಖುದ್ದಾಗಿ ಪೆನ್‌ಡ್ರೈವ್ ತಂದುಕೊಟ್ಟರು. ಅವರು ಖುದ್ದಾಗಿ ಏನನ್ನಾದರೂ ತಂದುಕೊಟ್ಟಿದ್ದು ಅದೇ ಮೊದಲು.

"ಈ ವರ್ಷ ಹನ್ನೆರಡು ತಂಗುದಾಣ ಕಟ್ಟಿಸಿದೀನಿ ಕಣಮ್ಮ. ಒಂದೊಂದಕ್ಕೂ ಒಂದು ಫೋಟೋ, ನಮ್ಮ ಅಳಿಯ ತೆಗೆದಿದ್ದು. ಚೆನ್ನಾಗಿ ಕೂರಿಸಿ."

ಅಳಿಯ ಮದುವೆ ಫೋಟೋ ತೆಗೆಯುವವನು, ಕ್ಯಾಮೆರಾ ಭಾರಿಯದು. ಪ್ರತಿ ಚಿತ್ರದಲ್ಲೂ ಸಾಹೇಬರು ತಂಗುದಾಣದ ಕಂಬಕ್ಕೆ ಕೈ ಊರಿ ನಿಂತಿದ್ದರು. ಮೀಸೆಯಲ್ಲಿ ಬಣ್ಣ ಹತ್ತಿದ ಕೂದಲೆಷ್ಟು, ಹತ್ತದ ಕೂದಲೆಷ್ಟು ಎಂದು ಎಣಿಸಬಹುದಿತ್ತು. ಐದನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಟೈಪಿಸ್ಟಳ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು.

"ಸರ್, ಎಲ್ಲಾದರಲ್ಲೂ ಪಕ್ಕದಲ್ಲಿ ಹೊಲಿಗೆ ಅಂಗಡಿ ಇದೆ. ದರ್ಜಿನೂ ಒಬ್ರೇ."

ಸಾಹೇಬರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. "ಊರು ಅಂದ್ಮೇಲೆ ದರ್ಜಿ ಇರಲ್ವಾ? ಎರಡೂ ಅಂಚಲ್ಲಿರೋದನ್ನ ಕತ್ತರಿಸ್ಬಿಡಿ."

ಜೀವಮಾನವಿಡೀ ಬಟ್ಟೆ ಕತ್ತರಿಸಿದ ದರ್ಜಿಯನ್ನು ಅವಳು ಹನ್ನೆರಡು ಸಲ ಕತ್ತರಿಸಿದಳು. ವಿಷಯ ಅವಳಿಗೆ ಅರ್ಥವಾಗದೆ ಇರಲಿಲ್ಲ. ಆದರೆ ಅವಳ ನೌಕರಿ ಕಾಯಂ ಮಾಡುವ ಕಾಗದ ಸಾಹೇಬರ ಡ್ರಾಯರಿನಲ್ಲಿ ಮಲಗಿತ್ತು.

ಕೇಂದ್ರ ಕಚೇರಿಯ ಇ-ಮೇಲ್ ಹತ್ತು ಎಂಬಿಗಿಂತ ದೊಡ್ಡ ಫೈಲನ್ನು ಒಳಗೆ ಬಿಡುವುದಿಲ್ಲ. ವರದಿ ನೂರ ಎಪ್ಪತ್ತು ಎಂಬಿ ಇತ್ತು. ಹೋದಷ್ಟೇ ಬೇಗ ವಾಪಸ್ ಬಂತು.

"ಮಾತು ಜಾಸ್ತಿಯಾಗಿದೆ" ಎಂದು ಸಾಹೇಬರು ತೀರ್ಪು ಕೊಟ್ಟರು. ಮೂವತ್ತು ಪುಟದ ಬರಹ ನಾಲ್ಕಕ್ಕೆ ಇಳಿಯಿತು. ಪ್ರಯಾಣಿಕರ ಬಗೆಗಿನ ಅಧ್ಯಾಯ ಪೂರ್ತಿ ಹೋಯಿತು. ಫೈಲು ಜಪ್ಪಯ್ಯ ಅನ್ನಲಿಲ್ಲ. ಅಕ್ಷರ ಸಣ್ಣದು ಮಾಡಿಸಿದರು. ಕೊನೆಗೆ ಫೋಟೋಗಳ ಮೂಲೆ ಹಿಡಿದು ತಳ್ಳಿಸಿ, ಒಂದೊಂದನ್ನೂ ಅಂಚೆ ಚೀಟಿಯಷ್ಟು ಮಾಡಿಸಿದರು. ಆಗಲೂ ನೂರ ಎಪ್ಪತ್ತೇ.

"ಸರ್, ಕಣ್ಣಿಗೆ ಚಿಕ್ಕದಾದ್ರೆ ಒಳಗೂ ಚಿಕ್ಕದಾಯ್ತು ಅಂತಲ್ಲ" ಎಂದಳು ಟೈಪಿಸ್ಟ್. "ಇಡೀ ಫೋಟೋ ಒಳಗೆ ಹಾಗೇ ಕೂತಿದೆ. ನಾವು ಕತ್ತರಿಸಿದ್ದೂ ಹೋಗಿಲ್ಲ, ಮಡಚಿಟ್ಟ ಹಾಗೆ ಇದೆ. ಫೋಟೋ ಕಂಪ್ರೆಸ್ ಮಾಡಿ, 'ಕತ್ತರಿಸಿದ ಭಾಗ ಅಳಿಸು' ಅನ್ನೋದಕ್ಕೆ ಟಿಕ್ ಹಾಕಿದ್ರೆ ಐದು ಎಂಬಿಗೆ ಇಳಿಯುತ್ತೆ. ಎರಡು ನಿಮಿಷದ ಕೆಲಸ."

"ಕಂಪ್ರೆಸ್ ಅಂದ್ರೆ?"

"ಅದುಮೋದು ಸರ್."

"ನನ್ನ ಮುಖಾನಾ?"

ಹಿಂದಿನ ವರ್ಷ ಯಾರೋ ಮೊಬೈಲಿನಲ್ಲಿ ಕಳಿಸಿದ ಗುಂಪು ಫೋಟೋದಲ್ಲಿ ಸಾಹೇಬರ ಮುಖ ಮಸುಕಾಗಿ, ಯಾರೋ ಅವರನ್ನು ಜವಾನ ಎಂದುಕೊಂಡಿದ್ದರಂತೆ. ಆ ಗಾಯ ಇನ್ನೂ ಹಸಿಯಾಗಿತ್ತು. "ಅದುಮೋದೂ ಬೇಡ, ಅಳಿಸೋದೂ ಬೇಡ. ಒಂದು ಚುಕ್ಕೆ ಹೋದ್ರೂ ನಾನು ಸುಮ್ನಿರಲ್ಲ!"

ಸಂಜೆ ಮನೆಯಲ್ಲಿ ಅತ್ತೆ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು. ಮೂವತ್ತೊಂದು ವರ್ಷ ನೋಂದಣಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಸವೆದ ಜೀವ. ಸೊಸೆಯ ಕಥೆ ಕೇಳಿ, ಮೊರದ ಸಿಪ್ಪೆ ಊದಿ, "ನೀನು ಬಾಯಲ್ಲಿ ಹೇಳ್ದೆ, ಅವರು ಬಾಯಲ್ಲಿ ಬೇಡ ಅಂದ್ರು. ನಾಳೆ ತಲೆ ಮೇಲೆ ಬಂದ್ರೆ ಯಾರ ಬಾಯಿ ದೊಡ್ಡದು?" ಎಂದರು.

"ಅವರದ್ದೇ ಅತ್ತೆ."

"ಮತ್ತೆ? ಟಿಪ್ಪಣಿ ಹಾಕು. ಸಾಹೇಬರುಗಳಿಗೆ ಸಹಿ ಅಂದ್ರೆ ಪ್ರಾಣ. ಓದ್ದೆ ಮಾಡ್ತಾರೆ, ಓದಿನೂ ಮಾಡ್ತಾರೆ."

ಮರುದಿನ, ಚಿತ್ರ ಅದುಮಬಹುದೇ ಎಂದು ಕೇಳಿ ಟಿಪ್ಪಣಿ ಇಟ್ಟಳು. ಸಾಹೇಬರು ಹಸಿರು ಶಾಯಿಯಲ್ಲಿ ಬರೆದರು: 'ಚಿತ್ರಗಳನ್ನು ಅದುಮತಕ್ಕದ್ದಲ್ಲ. ಯಾವ ಭಾಗವನ್ನೂ ಅಳಿಸತಕ್ಕದ್ದಲ್ಲ.' ಕೆಳಗೆ ಉದ್ದದ ಸಹಿ. ಯಾರೂ ಕೇಳದಿದ್ದರೂ ಮೊಹರನ್ನೂ ಒತ್ತಿದರು.

ಇ-ಮೇಲ್‌ನಲ್ಲಿ ಹೋಗದ ವರದಿಯನ್ನು ಸಾಹೇಬರು ಪೆನ್‌ಡ್ರೈವಿಗೆ ಹಾಕಿಸಿ, ಜೇಬಿನಲ್ಲಿಟ್ಟುಕೊಂಡು ಕೇಂದ್ರ ಕಚೇರಿಗೆ ಹೊರಟರು. ಪುಟ ತಿರುಗಿಸಲು ಟೈಪಿಸ್ಟೂ ಜೊತೆಗೆ. ಸಭೆಯಲ್ಲಿ ಹದಿನಾಲ್ಕು ಅಧಿಕಾರಿಗಳು. ಗೋಡೆಯ ಮೇಲೆ ವರದಿ. ಮುಂದಿನ ಕುರ್ಚಿಯಲ್ಲಿದ್ದ ಹಿರಿಯ ಮೇಡಂ ದಪ್ಪ ಕನ್ನಡಕ ಏರಿಸಿ, "ಇದೇನ್ರೀ, ತಂಗುದಾಣಾನೋ ಬೆಂಕಿಪೊಟ್ಟಣಾನೋ? ಕೊಡಮ್ಮ ಇಲ್ಲಿ" ಎಂದು ಮೌಸನ್ನು ತಾವೇ ತೆಗೆದುಕೊಂಡರು. ಫೋಟೋವನ್ನು ಮೊದಲಿನ ಸ್ಥಿತಿಗೆ ತರುವ ಬಟನ್ ಒತ್ತಿಬಿಟ್ಟರು.

ಚಿತ್ರ ಗೋಡೆ ತುಂಬ ಹರಡಿಕೊಂಡಿತು. ಸಾಹೇಬರ ಎಡಕ್ಕೆ ದರ್ಜಿ ಬಂದು ಕೂತ. ಬಲಕ್ಕೆ ಏಣಿ, ಮತ್ತು ಮುಂದಿನ ಊರಿನ ಹೆಸರಿನ ಬೋರ್ಡು ಹಿಡಿದು ಕಾಯುತ್ತಿದ್ದ ಪೇಂಟರ್.

ಮೇಡಂ ಎರಡನೆಯದನ್ನು ಒತ್ತಿದರು, ಮೂರನೆಯದನ್ನು ಒತ್ತಿದರು. ದರ್ಜಿಯ ಕೈಯಲ್ಲಿ ಒಂದು ಕೆಂಪು ಅಂಗಿ ಇತ್ತು. ಮೊದಲನೆಯ ಊರಿನಲ್ಲಿ ಅದಕ್ಕೆ ತೋಳಿರಲಿಲ್ಲ. ನಾಲ್ಕನೆಯ ಊರಿನಲ್ಲಿ ಒಂದು ತೋಳು ಬಂತು, ಏಳನೆಯದರಲ್ಲಿ ಕಾಲರು, ಹತ್ತನೆಯದರಲ್ಲಿ ಗುಂಡಿ. ಹನ್ನೆರಡನೆಯ ಊರಿನಲ್ಲಿ ಅಂಗಿ ಗಿರಾಕಿಯ ಮೈಮೇಲಿತ್ತು.

"ಈ ವರದಿಯಲ್ಲಿ ಪೂರ್ತಿಯಾಗಿರೋ ಕೆಲಸ ಅಂದ್ರೆ ಆ ಅಂಗಿ ಒಂದೇ" ಎಂದರು ಮೇಡಂ.

ಸಾಹೇಬರು ಬೆವರೊರೆಸಿಕೊಂಡು ಎದ್ದರು. "ಎಲ್ಲಾ ಈಯಮ್ಮನ ತಪ್ಪು ಮೇಡಂ! ಕತ್ತರಿಸಿದ್ದನ್ನ ಅಳಿಸಿಲ್ಲ. ನಾನು ಬಡ್ಕೊಂಡೆ, ಕಂಪ್ರೆಸ್ ಮಾಡಮ್ಮ ಅಂತ."

ಟೈಪಿಸ್ಟ್ ಚೀಲದಿಂದ ಟಿಪ್ಪಣಿ ತೆಗೆದು ಮೇಡಂ ಮುಂದಿಟ್ಟಳು. ಮೇಡಂ ಹಸಿರು ಶಾಯಿಯನ್ನು ಗಟ್ಟಿಯಾಗಿ ಓದಿದರು. ಮೊಹರನ್ನೂ ಬಿಡದೆ ಓದಿದರು.

ಸಾಹೇಬರು ಹಳೆಯ ಕಡತಗಳ ಕೋಣೆಗೆ ವರ್ಗವಾದರು. ಕಿಟಕಿ ಇಲ್ಲದ ಆ ಕೋಣೆಯಲ್ಲಿ ಅವರ ಮೀಸೆ ನೋಡುವವರಿಲ್ಲ. ಟೈಪಿಸ್ಟಳ ಕಾಯಂ ಕಾಗದ ಡ್ರಾಯರಿನಿಂದ ಎದ್ದು ಬಂತು. ಆ ರಾತ್ರಿ ಅವಳು ತಿಂಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು. ಉಳಿದ ಹನ್ನೊಂದು ತಂಗುದಾಣಗಳ ವಿಚಾರಣೆ ಇನ್ನೂ ನಡೆಯುತ್ತಿದೆ.

ಆದರೆ ಕೇಂದ್ರ ಕಚೇರಿ ಕೈಕಟ್ಟಿ ಕೂರಲಿಲ್ಲ. ವಾರದೊಳಗೆ ಸುತ್ತೋಲೆ ಹೊರಟಿತು: 'ಇನ್ನು ಮುಂದೆ ಎಲ್ಲ ವರದಿಗಳ ಚಿತ್ರಗಳಲ್ಲಿ ಕತ್ತರಿಸಿದ ಭಾಗಗಳನ್ನು ಕಡ್ಡಾಯವಾಗಿ ಅಳಿಸತಕ್ಕದ್ದು.' ಕಲಿಸುವ ಹೊಣೆ ಟೈಪಿಸ್ಟಿಗೇ ಬಿತ್ತು.

ತರಬೇತಿಗೆ ನಲವತ್ತು ಅಧಿಕಾರಿಗಳು ಹತ್ತು ನಿಮಿಷ ಮೊದಲೇ ಬಂದು ಕೂತಿದ್ದರು. ಯಾವ ತರಬೇತಿಗೂ ಹಾಗೆ ಬಂದವರಲ್ಲ. ಅವಳು ಬಟನ್ ತೋರಿಸಿದಳು, ಟಿಕ್ ಹಾಕುವ ಜಾಗ ತೋರಿಸಿದಳು. ಹಿಂದಿನ ಸಾಲಿನ ಒಬ್ಬರು ಕೈಯೆತ್ತಿದರು.

"ಅಳಿಸಿದ್ದು ಮತ್ತೆ ಬರಲ್ಲ ತಾನೇ ಅಮ್ಮ?"

"ಫೈಲಿಗೆ ಬರಲ್ಲ ಸರ್. ಊರಿಗೆ ಹೋಗಿ ನೋಡಿದ್ರೆ ಅಲ್ಲೇ ಇರುತ್ತೆ."

ಕೆಲವರು ಅದನ್ನೂ ಬರೆದುಕೊಂಡರು.